ದೊಡ್ಡವ್ವನ ನೆಲುವು

ಯಾರಾದರೂ "ನೋವು" ಎಂದರೆ ಸಾಕು, ನಮ್ಮ ದೊಡ್ಡವ್ವನಿಗೆ ಹಬ್ಬ! ಹೀಗೆಂದರೆ ಅವಳನ್ನು ಕಲ್ಲುಮನಸ್ಸಿನವಳು ಎಂದುಕೊಂಡೀರಿ. ಹಾಗಲ್ಲ. ಮಂಡಿ ಹಿಡಿದವರು, ಸೊಂಟ ಹಿಡಿದವರು, ಕುತ್ತಿಗೆ ತಿರುಗಿಸಲಾಗದವರು ಕಣ್ಣಿಗೆ ಬಿದ್ದರೆ ಅವಳ ಮುಖ ಅರಳುತ್ತಿತ್ತು. ಮೊದಲು ಬಿಸಿ ಹರಳೆಣ್ಣೆ ಹಚ್ಚಿ ಹಿತವಾಗಿ ತಿಕ್ಕುವಳು. ಅಲ್ಲಿಗೆ ಸುಖ ಮುಗಿಯಿತು! ಆಮೇಲೆ ಕೆಲಸ. ನೋಯುವ ಅಂಗವನ್ನು ಸುಮ್ಮನೆ ಮಲಗಿಸಿದರೆ ಅದು ಮನೆ ಅಳಿಯನ ಹಾಗೆ ಕೂತೇ ಬಿಡುತ್ತದೆ ಎಂಬುದು ಅವಳ ಸಿದ್ಧಾಂತ. ಅದಕ್ಕೇ ನಮ್ಮ ಬೀದಿಯಲ್ಲಿ ಕುಂಟುವವರೆಲ್ಲ ನಮ್ಮ ಮನೆಯ ಮುಂದೆ ಮಾತ್ರ ನೆಟ್ಟಗೆ ನಡೆಯುತ್ತಿದ್ದರು!

ಇದು ನಮ್ಮೂರು ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಎತ್ತಿನ ಗಾಡಿಯೇ ಗತಿಯಾಗಿದ್ದ ಕಾಲದ ಮಾತು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಈ ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ. ತವರು ರಾಯದುರ್ಗದ ಕಡೆ. ಹಾಗಾಗಿ ಬೈಯುವುದೆಲ್ಲ ತೆಲುಗಿನಲ್ಲಿ, ಮುದ್ದು ಮಾಡುವುದು ಕನ್ನಡದಲ್ಲಿ. ತೆಲುಗು ಶುರುವಾದರೆ ದೊಡ್ಡಪ್ಪ ಮೆಲ್ಲಗೆ ಮಗ್ಗದ ಗುಂಡಿಗೆ ಇಳಿದುಬಿಡುತ್ತಿದ್ದ.

ಅವನು ರೇಷ್ಮೆ ಸೀರೆ ನೇಯುವವನು. ದಿನವಿಡೀ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಂಡಿ ಮರಗಟ್ಟಿದ್ದವು. ನಡಿ ಎಂದರೆ ನಡೆಯುವ ಆಸಾಮಿಯಲ್ಲ. ಎಲೆಅಡಿಕೆ ಇಲ್ಲದೆ ಬದುಕುವ ಆಸಾಮಿಯೂ ಅಲ್ಲ! ದೊಡ್ಡವ್ವ ಏನು ಮಾಡಿದಳು? ಅವನ ಎಲೆಚೀಲವನ್ನು ದಿನಾ ಗುಡ್ಡದ ಬುಡದಲ್ಲಿದ್ದ ಅವನ ಗೆಳೆಯನ ಮನೆಗೆ ಕಳಿಸತೊಡಗಿದಳು.

"ಏನೇ, ನನ್ನ ಚೀಲ ಎಲ್ಲೈತೆ?"

"ಗುಡ್ಡದ ತಾವಕ್ಕೆ ಹೋಗೈತೆ."

"ಚೀಲಕ್ಕೆ ಕಾಲು ಬಂದಾವೇನೆ?"

"ನಿಮ್ಗೆ ಬರ್ಲಿ ಅಂತ್ಲೇ ಅದನ್ನ ಕಳ್ಸಿದ್ದು!"

ಮಂಡಿ ಸಡಿಲವಾಯಿತು. ಆದರೆ ಅದನ್ನು ಒಪ್ಪಿಕೊಳ್ಳುವುದುಂಟೇ? "ನಾನು ಹೋಗೋದು ಎಲೆಅಡಿಕೆಗೆ, ಮಂಡಿಗಲ್ಲ" ಎನ್ನುತ್ತಲೇ ಮುದುಕನಾಗುವವರೆಗೂ ಗುಡ್ಡದ ಬುಡಕ್ಕೆ ನಡೆದ.

ಇನ್ನು ನನ್ನ ಕಥೆ. ಮದುವೆಯಾದ ಹೊಸತರಲ್ಲಿ, ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಲ್ಲಿ ಮೇಯುತ್ತಿದ್ದ ದನಗಳನ್ನು ಕಂಡು ನಮ್ಮ ಗಾಡಿಯ ಎತ್ತು ಬೆದರಿ, ನಾನು ಉರುಳಿ ಬಿದ್ದು, ಬಲಗೈ ಮುರಿಯಿತು. ನಾಟಿ ವೈದ್ಯ ಬಿದಿರು ದಬ್ಬೆ ಕಟ್ಟಿ ಮೂಳೆ ಕೂಡಿಸಿದ. ಕಟ್ಟು ಬಿಚ್ಚಿದರೆ ಕೈ ಭುಜದ ಮಟ್ಟಕ್ಕೂ ಏಳದು! ಚಳ್ಳಕೆರೆಯ ನಮ್ಮ ಅತ್ತೆ ನನ್ನನ್ನು ದೊಡ್ಡವ್ವನ ಮನೆಗೆ ತಂದು ಬಿಟ್ಟು, "ಕೈ ಸರಿ ಹೋದ್ಮೇಲೆ ಬರುವಂತೆ ಕಣವ್ವ" ಎಂದರು. ಸರಿ ಹೋಗದಿದ್ದರೆ? ಮನೆಗೆ ಇನ್ನೊಬ್ಬಳನ್ನು ತರುವುದು ಆಗ ದೊಡ್ಡ ಮಾತೇನಲ್ಲ. ಗಂಡನ ಮುಖ ನೆನೆದು ಅಳುತ್ತಾ ಕೂತೆ.

"ಕಣ್ಣೀರು ಒರಸ್ಕಳಕ್ಕಾದ್ರೂ ಆ ಕೈ ಎತ್ತೇ" ಎಂದಳು ದೊಡ್ಡವ್ವ.

ಮೊದಲು ಖಾಲಿ ಬೀಸುವ ಕಲ್ಲು ತಿರುಗಿಸುವ ಶಿಕ್ಷೆ. ರಾಗಿಯಿಲ್ಲದೆ ಬೀಸುತ್ತಾಳೆ ಹುಚ್ಚಿ ಎಂದು ಪಕ್ಕದ ಮನೆಯಾಕೆ ನಕ್ಕಳು. ದೊಡ್ಡವ್ವ ಮರುದಿನವೇ ಆಕೆಯ ಮನೆಯ ರಾಗಿಯನ್ನು ತರಿಸಿ ನನ್ನಿಂದ ಬೀಸಿಸಿದಳು. ಆಮೇಲೆ ಆಕೆ ನಗಲಿಲ್ಲ. "ನಿಧಾನಕ್ಕೆ ವಾಸಿ ಆಗ್ಲಿ ಬಿಡವ್ವ, ಅವಸರ ಏನೈತೆ?" ಎಂದು ಹಾರೈಸಿದಳು!

ಅದಾದ ಮೇಲೆ ನೆಲುವು. ಬೆಣ್ಣೆ ಗಡಿಗೆಯನ್ನು ಬೆಕ್ಕಿಗೆ ಸಿಗದಂತೆ ಜಂತೆಗೆ ತೂಗುಹಾಕುವ ಹಗ್ಗದ ನೆಲುವು ಎಲ್ಲರ ಮನೆಯಲ್ಲೂ ಇರುತ್ತಿತ್ತು. ನಮ್ಮ ಮನೆಯದು ಮಾತ್ರ ಬೆಳೆಯುತ್ತಿತ್ತು, ಅದೂ ಮೇಲಕ್ಕೆ! ಮೊದಲು ಎದೆಯ ಮಟ್ಟಕ್ಕಿತ್ತು. ಬರುಬರುತ್ತಾ ಗಲ್ಲಕ್ಕೆ ಬಂತು, ಹಣೆಗೆ ಬಂತು. ಬೆಣ್ಣೆ ಬೇಕಾದರೆ ಬಲಗೈಯಲ್ಲೇ ತೆಗೆಯಬೇಕು. ಬೆಣ್ಣೆಯಿಲ್ಲದೆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯದೆಂಬುದು ಅವಳಿಗೆ ಗೊತ್ತು.

"ದೊಡ್ಡವ್ವ, ನೆಲುವು ಮತ್ತೆ ಮ್ಯಾಲೆ ಹೋಗೈತೆ."

"ಬಿಸ್ಲಿಗೆ ಹಗ್ಗ ಒಣಗಿ ಮೋಟಾಗೈತೆ. ನಾನೇನ್ ಮಾಡ್ಲಿ?"

ಮಳೆಗಾಲ ಬಂದರೂ ಹಗ್ಗ ಒಣಗುತ್ತಲೇ ಇತ್ತು! ನೋವಿಗೆ ನಾನು ಕೂಗಿದರೆ, "ಎತ್ತವೇ, ಬದ್ಧಕಪು ಚೆಯ್ಯಿ" ಎಂದು ನನ್ನ ಕೈಯನ್ನು ತೆಲುಗಿನಲ್ಲಿ ಸೋಮಾರಿ ಎಂದು ಬೈದು, ಆಮೇಲೆ "ನನ್ನ ಬಂಗಾರ" ಎಂದು ಕನ್ನಡದಲ್ಲಿ ಎಣ್ಣೆ ತಿಕ್ಕುವಳು. ಪಾಪ, ಕುಳ್ಳ ದೊಡ್ಡಪ್ಪ ಬೆಣ್ಣೆಗಾಗಿ ಒರಳಿನ ಮೇಲೆ ಹತ್ತಿ ನಿಂತು ಇನ್ನೂ ಉದ್ದದ ತೆಲುಗು ಕೇಳಬೇಕಾಯಿತು.

ಕೊನೆಗೆ ನನ್ನ ಕೈ ತಲೆಯ ಮಟ್ಟ ದಾಟಿತು. ಸುದ್ದಿ ತಿಳಿದು ಅತ್ತೆ ಬಂದರು. ಊಟಕ್ಕೆ ಕೂತರು. ಅವರ ಕಣ್ಣೆಲ್ಲ ನನ್ನ ಕೈಯ ಮೇಲೆ.

"ಬೀಗ್ರಿಗೆ ಬೆಣ್ಣೆ ತಗಂಬಾರೆ" ಎಂದಳು ದೊಡ್ಡವ್ವ.

ಹೋಗಿ ನೋಡಿದೆ. ನೆಲುವು ಜಂತೆಗೇ ಅಂಟಿಕೊಂಡಂತಿದೆ! ಹಿಂದಿನ ದಿನ ಇದ್ದ ಜಾಗದಲ್ಲಿಲ್ಲ. ಹಿಂದೆ ಅತ್ತೆ ನೋಡುತ್ತಿದ್ದಾರೆ. ತುದಿಗಾಲಲ್ಲಿ ನಿಂತೆ, ಹಲ್ಲು ಕಚ್ಚಿದೆ, ಭುಜ ಲಟಕ್ಕೆಂದಿತು. ಗಡಿಗೆ ಕೈಗೆ ಬಂತು!

"ಕೈ ವಾಸಿ ಆಗೈತೆ. ನಾಳೆನೇ ಕರ್ಕಂಡ್ ಹೋಗ್ತೀನಿ" ಎಂದರು ಅತ್ತೆ. ನಾನು ಸಂತೋಷಕ್ಕೆ ದೊಡ್ಡವ್ವನತ್ತ ತಿರುಗಿದೆ. ಅವಳು ಒಲೆಗೆ ಮುಖ ಮಾಡಿ ಉರಿ ಊದುತ್ತಿದ್ದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಮರುದಿನ ಗಾಡಿಯ ಹತ್ತಿರ ದೊಡ್ಡವ್ವ ನನ್ನ ಬಲಗೈ ಹಿಡಿದುಕೊಂಡು ಬಿಡಲೇ ಇಲ್ಲ.

"ನಿನ್ನೆ ಯಾಕೆ ಅಷ್ಟೆತ್ತರ ಕಟ್ಟಿದ್ದೆ ದೊಡ್ಡವ್ವ? ಸಿಗದೇ ಹೋಗಿದ್ರೆ?"

"ಸಿಗಬಾರ್ದು ಅಂತ್ಲೇ ಕಟ್ಟಿದ್ದು ಕಣೆ. ಇನ್ನೊಂದು ನಾಕು ದಿನ ಇರ್ತೀಯ ಅಂತ. ನೋಡು, ನನ್ನ ಕೈಯಾರೆ ಎಷ್ಟು ಚೆನ್ನಾಗಿ ವಾಸಿ ಮಾಡ್ಬಿಟ್ಟೆ! ಹಾಳಾದ್ ಕೈ!"

ಅವಳು ಕನ್ನಡದಲ್ಲಿ ಬೈದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗ ದೊಡ್ಡವ್ವ ಇಲ್ಲ. ನನಗೂ ತಲೆ ನರೆತಿದೆ. ತಮಾಷೆ ನೋಡಿ, ಎಂದೂ ಮುರಿಯದ ಎಡಗೈ ಮುದಿಯಾಗಿ ಕೂತಿದೆ, ಮುರಿದ ಬಲಗೈಗೆ ಇನ್ನೂ ಪ್ರಾಯ! ಚಳ್ಳಕೆರೆಯ ಈ ಮನೆಯಲ್ಲೂ ನೆಲುವನ್ನು ಎತ್ತರಕ್ಕೇ ಕಟ್ಟಿಸಿದ್ದೇನೆ. "ಯಾರಿಗೆ ಸಿಗ್ಬೇಕು ಅಂತ ಅತ್ತೆ ಇದು?" ಎಂದು ಸೊಸೆ ಗೊಣಗುತ್ತಾಳೆ.

ದಿನಾ ಬೆಳಿಗ್ಗೆ ಅದರ ಕೆಳಗೆ ನಿಲ್ಲುತ್ತೇನೆ. ಒಂದು ದಿನ, ಒಂದೇ ಒಂದು ದಿನ ಸಿಗದೇ ಹೋದರೆ, "ಹೋಗು, ವಾಸಿ ಮಾಡಿಕೊಂಡು ಬಾ" ಎಂದು ಯಾರಾದರೂ ನನ್ನನ್ನು ಗಾಡಿ ಹತ್ತಿಸಿ ಮೊಳಕಾಲ್ಮೂರಿಗೆ ಕಳಿಸಿಯಾರೇ ಎಂದು ಆಸೆಯಾಗುತ್ತದೆ.

ಹಾಳಾದ ಕೈ, ದಿನಾ ಏಳುತ್ತದೆ.