ನಾಯಿಗೂ ಆಷಾಢ

ನಮ್ಮ ಸೋದರತ್ತೆಯಷ್ಟು ಕಷ್ಟದ ಬೀಗಿತ್ತಿ ಇಡೀ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ! ಮಗಳಿಗೆ ಮನೆ ನೋಡುವಾಗ ಅವರು ತೆಗೆಯುವ ತಕರಾರು ಕೇಳಿದರೆ ಎಂಥವರೂ ಕೈಮುಗಿದು ಎದ್ದು ಹೋಗಬೇಕು. ಮಗಳು ಅಂದರೆ ಹೆತ್ತ ಮಗಳಲ್ಲ, ಪುಟ್ಟಿ. ಕಂದು ಬಣ್ಣದ ಬೀದಿನಾಯಿ.

ಹಿರೇಹಳ್ಳಿಯ ಫ್ಯಾಕ್ಟರಿಗಳ ಮುಂದೆ ಯಾವುದೋ ಲಾರಿ ಅದರ ಹಿಂಗಾಲಿನ ಮೇಲೆ ಹತ್ತಿತ್ತು. ಗಾಯಗೊಂಡ ನಾಯಿಗಳನ್ನು ನೋಡಿಕೊಳ್ಳುವ ಊರಿನ ಕೆಲವು ಹುಡುಗಿಯರು ಚಿಕಿತ್ಸೆ ಕೊಡಿಸಿ, ಖಾಯಂ ಮನೆ ಸಿಗುವವರೆಗೆ ಇರಲಿ ಅಂತ ಶಿರಾ ಗೇಟ್ ಹತ್ತಿರದ ಅತ್ತೆಯ ಮನೆಗೆ ತಂದುಬಿಟ್ಟರು. ಅತ್ತೆ ರಿಟೈರ್ ಆದ ಸೈನ್ಸ್ ಮೇಡಂ. ಒಂಟಿ ಜೀವ, ಜೊತೆಗೆ ಮಂಡಿನೋವು.

"ನಾನೇ ಇಟ್ಕೊಳ್ಳೋಕಾಗಲ್ಲ ಕಣೋ," ಅಂತ ಮೊದಲ ದಿನವೇ ನನಗೆ ಹೇಳಿದ್ದರು. "ನಂಗೆ ವಯಸ್ಸಾಯ್ತು, ಇದಿನ್ನೂ ಚಿಕ್ಕದು. ನಾಳೆ ನಂಗೇನಾದ್ರೂ ಆದ್ರೆ ಮತ್ತೆ ಬೀದಿಗೇ ತಾನೆ?"

ಹಾಗಾಗಿ ಮನೆ ಹುಡುಕುವ ಕೆಲಸ ಅವರದು, ಕಾರು ಓಡಿಸುವ ಕರ್ಮ ನನ್ನದು.

ಪುಟ್ಟಿ ಎಂಥ ಸಾಧು ಅಂತೀರಿ! ಪಕ್ಕದ ಮನೆಯ ಬೆಕ್ಕು ಬಂದು ತಟ್ಟೆಗೆ ಬಾಯಿ ಹಾಕಿದರೆ, ಹಿಂದೆ ಸರಿದು ಕೂತು, ಉಳಿದದ್ದನ್ನು ತಿನ್ನುತ್ತಿತ್ತು. ಅದನ್ನು ನೋಡಲು ಬಂದ ವರ್ಕ್‌ಶಾಪ್ ಮಾಲೀಕರೊಬ್ಬರು, "ಬೊಗಳುತ್ತಾ ಮೇಡಂ?" ಅಂದರು.

"ಇಲ್ಲ."

"ಹೊಸಬ್ರು ಬಂದ್ರೆ?"

"ಕಾಲ್ ನೆಕ್ತಾಳೆ. ನಿಮ್ಗೆ ಬೇಕಾಗಿರೋದು ನಾಯಿ ಅಲ್ಲ, ಸೈರನ್. ಕಾಫಿ ಕುಡ್ಕೊಂಡ್ ಹೋಗಿ."

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ಹಾಗೆ, ಅತ್ತೆ ಒಳ್ಳೆಯ ಸೀರೆ ಉಟ್ಟು ಮನೆ ನೋಡಲು ಹೊರಡುತ್ತಿದ್ದರು. ಗುಬ್ಬಿಯಲ್ಲಿ ಒಬ್ಬ ಮೇಷ್ಟ್ರು ಹೊಸ ಮನೆ ಕಟ್ಟಿಸಿದ್ದರು. ಜನ ಒಳ್ಳೆಯವರು, ಉಪ್ಪಿಟ್ಟೂ ಚೆನ್ನಾಗಿತ್ತು. ನೆಲ ಮಾತ್ರ ಮುಖ ಕಾಣುವಷ್ಟು ನುಣುಪು! ನಡುಮನೆಯಲ್ಲಿ ಅತ್ತೆಯೇ ಜಾರಿ, ಪುಣ್ಯಕ್ಕೆ ಸೋಫಾದ ಮೇಲೆ ಕೂತರು. ಕೂತಲ್ಲಿಂದಲೇ ತೀರ್ಪು ಕೊಟ್ಟರು: "ಮಂಡಿನೋವಿದ್ರೂ ನೆಟ್ಟಗೆ ನಡೆಯೋ ನಾನೇ ಜಾರಿದೆ. ಕುಂಟ್ಕೊಂಡ್ ಬರೋ ಇವಳ ಗತಿ ಏನ್ ಮೇಷ್ಟ್ರೇ?" ಮೇಷ್ಟ್ರು ನಕ್ಕು, ನಮ್ಮನ್ನು ಗೇಟಿನವರೆಗೂ ಕೈಹಿಡಿದು ಕಳಿಸಿಕೊಟ್ಟರು.

ಕೊನೆಗೆ ಕುಣಿಗಲ್ಲಿನಲ್ಲಿ ಒಂದು ಮನೆ ಸಿಕ್ಕಿತು. ಬಟ್ಟೆ ಹೊಲಿಯುವ ಹೆಂಗಸು, ಡ್ರೈವರ್ ಗಂಡ, ಮಣ್ಣಿನ ಅಂಗಳ, ಅಂಗಳದಲ್ಲಿ ನೆರಳು. ಪುಟ್ಟಿ ಸೀದಾ ಹೋಗಿ ಹೊಲಿಗೆ ಮಿಷನ್ನಿನ ಪಕ್ಕ ಮಲಗಿ, ಆಕೆಯ ಪಾದದ ಮೇಲೆ ಗಲ್ಲ ಇಟ್ಟಿತು. ಆಕೆ ಮಿಷನ್ ತುಳಿಯುವುದನ್ನೇ ನಿಲ್ಲಿಸಿದರು. ಅತ್ತೆ ಹಿತ್ತಲಿಗೆ ಹೋದರು, ಗೇಟಿನ ಚಿಲಕ ಅಲ್ಲಾಡಿಸಿದರು, ಅಡುಗೆಮನೆ ಇಣುಕಿದರು. ಒಂದು ಕುಂದೂ ಸಿಗದೆ ಅವರ ಮುಖ ಬಾಡಿತು.

"ಇವತ್ತೇ ಬಿಟ್ಟೋಗಿ ಅಕ್ಕಾ," ಅಂದರು ಆಕೆ.

"ಇವತ್ತಾ? ನಾಳೆಯಿಂದ ಆಷಾಢ ಕಣಮ್ಮ. ಆಷಾಢದಲ್ಲಿ ಹೆಣ್ಣುಮಗಳು ತವರಲ್ಲಿರ್ಬೇಕು. ಶ್ರಾವಣಕ್ಕೆ ನಾನೇ ಕರ್ಕೊಂಡ್ ಬರ್ತೀನಿ."

ನಾನು ಬೆಪ್ಪಾದೆ. ರಾಹುಕಾಲ ನೋಡಿ, ಬೇಕಂತಲೇ ಅದೇ ಹೊತ್ತಿಗೆ ಹೊಸ ಸ್ಕೂಟರ್ ಮನೆಗೆ ತಂದ ಮಹಾತಾಯಿ ಇವರು! "ಅತ್ತೆ, ನಾಯಿಗೆಂಥ ಆಷಾಢ?" ಅಂದೆ.

"ಸುಮ್ನೆ ಗಾಡಿ ತೆಗಿಯೋ," ಅಂದರು.

ಆ ಆಷಾಢದಲ್ಲಿ ಪುಟ್ಟಿಗೆ ನಡೆದ ಉಪಚಾರ ಯಾವ ಹೊಸ ಮದುವಣಗಿತ್ತಿಗೂ ನಡೆದಿರಲಾರದು. ಮೊಸರನ್ನವೇನು, ಕಾಲಿಗೆ ಎಣ್ಣೆಯೇನು, ದೇವರಾಯನದುರ್ಗಕ್ಕೆ ಹವಾ ಬದಲಾವಣೆಯೇನು! ನಾನೂ ನಗುತ್ತಾ ಎಲ್ಲ ಕಡೆಗೂ ಕಾರು ಓಡಿಸಿದೆ. ಈಗ ಯೋಚಿಸಿದರೆ, ಆ ನಗುವಿನ ಬದಲು ಒಂದು ಬುದ್ಧಿಮಾತು ಹೇಳಬಹುದಿತ್ತು ಅನ್ನಿಸುತ್ತದೆ.

ಶ್ರಾವಣ ಬಂತು. ಪುಟ್ಟಿಗೆ ಸ್ನಾನ ಮಾಡಿಸಿ, ಹೊಸ ಬೆಲ್ಟ್ ಹಾಕಿ, ಹಾಸಿಗೆ, ತಟ್ಟೆ, ಬಿಸ್ಕತ್ತು ಎಲ್ಲ ಡಿಕ್ಕಿಗೆ ತುಂಬಿಕೊಂಡು ಕುಣಿಗಲ್ಲಿಗೆ ಹೋದೆವು. ಅಲ್ಲಿ ಹೊಲಿಗೆ ಮಿಷನ್ನಿನ ಕೆಳಗೆ ಒಂದು ಕರಿ ಮರಿ ಮಲಗಿತ್ತು.

"ಮಳೇಲಿ ಯಾರೋ ಗೇಟ್ ಹತ್ರ ಬಿಟ್ಟೋಗಿದ್ರು ಅಕ್ಕಾ," ಆಕೆ ತಲೆ ತಗ್ಗಿಸಿದರು. "ಎರಡು ಸಾಕೋಕೆ ನಮ್ ಕೈಲಾಗಲ್ಲ. ನಿಮ್ಗೂ ಕೊಡೋಕೆ ಮನಸ್ಸಿಲ್ಲ, ಅದ್ಕೇ ಆಷಾಢ ಅಂದ್ರಿ ಅನ್ಕೊಂಡ್ವಿ."

ಪುಟ್ಟಿ ಕುಂಟುತ್ತಾ ಹೋಗಿ ಆ ಮರಿಯ ಮುಖ ನೆಕ್ಕಿತು. ಆಕೆ ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು ಕಳಿಸಿದರು.

ಅಲ್ಲಿಂದೀಚೆಗೆ ಕುಂಟುವ, ಬೊಗಳದ ನಾಯಿಯನ್ನು ಕೇಳಿಕೊಂಡು ಯಾರೂ ಬಂದಿಲ್ಲ. ಅವತ್ತು ವಾಪಸ್ ಬರುವಾಗ ಪುಟ್ಟಿ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಮಲಗಿತ್ತು. ಅತ್ತೆ ಅದರ ಕಿವಿಗಳನ್ನು ಎರಡೂ ಕೈಯಲ್ಲಿ ಮುಚ್ಚಿ, ಮೆಲ್ಲಗೆ ಹೇಳಿದರು: "ಆಷಾಢನೂ ಇಲ್ಲ, ಮಣ್ಣೂ ಇಲ್ಲ ಕಣೋ. ಇನ್ನೊಂದ್ ಸ್ವಲ್ಪ ದಿನ ನನ್ ಹತ್ರ ಇರ್ಲಿ ಅನ್ನೋ ಆಸೆ. ಇದಕ್ಕೆ ಸಿಕ್ಕಿದ್ದ ಮನೇನ ನಾನೇ ತಪ್ಪಿಸ್ಬಿಟ್ಟೆ."

ಮನೆ ಬಂತು. ಪುಟ್ಟಿ ಮೊದಲು ಇಳಿದು, ಕುಂಟುತ್ತಾ ಓಡಿ, ಬಾಗಿಲ ಮುಂದೆ ನಿಂತು ಬಾಲ ಆಡಿಸತೊಡಗಿತು. ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಅದು ತಿರುಗಿ ನೋಡಿತು. ಆಮೇಲೆ, ಅಷ್ಟು ದಿನಗಳಲ್ಲಿ ಮೊದಲ ಸಲ, ಸಣ್ಣಗೆ ಬೊಗಳಿತು.

"ಕೇಳಿಸ್ತೇನೋ," ಅಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ನನ್ನೇ ಒಳಗೆ ಕರೀತಿದೆ ಕಣೋ."