ನಮ್ಮ ಜಲವಿಹಾರವನ್ನು ಮನೆಗೆಳೆದು ತಂದ ಎಮ್ಮೆಯವರಿಗೆ

ಮಾನ್ಯ ರಾಣಿಯವರೇ,

ಹುಲಿಯೂರುದುರ್ಗದ ದಾರಿಯಲ್ಲಿರುವ ನನ್ನ ಅತ್ತೆಮನೆಯ ಕೊಟ್ಟಿಗೆಯಲ್ಲಿ, ಗಾಳಿ ಚೆನ್ನಾಗಿ ಆಡುವ ಮೂಲೆಯನ್ನೇ ಆರಿಸಿಕೊಂಡು ಸುಖವಾಗಿ ಮಲಗಿರುವ ತಮ್ಮ ಸನ್ನಿಧಾನಕ್ಕೆ, ತುಮಕೂರಿನ ಶಿರಾ ಗೇಟ್ ಬಳಿ ಟಾರ್ಪಾಲು ಅಂಗಡಿ ನಡೆಸುತ್ತಿರುವ ಹನುಮಂತರಾಜು ಎಂಬ ಬಡಪಾಯಿ ಅಳಿಯ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು, ತಮ್ಮ ಕರು, ತಮ್ಮ ಬೆನ್ನ ಮೇಲೆ ಸವಾರಿ ಮಾಡುವ ಬೆಳ್ಳಕ್ಕಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಎಮ್ಮೆಗೂ ಬಹಿರಂಗ ಪತ್ರವೇ ಎಂದು ಓದುಗರು ಹುಬ್ಬೇರಿಸಬಾರದು. ಅತ್ತೆ ಚಿಕ್ಕಗಂಗಮ್ಮನವರಿಗೆ ದೂರು ಕೊಟ್ಟು ನೋಡಿದೆ, ಅವರು ತಮ್ಮ ಪರ. ಮಾವ ದೊಡ್ಡರಂಗಯ್ಯನವರಿಗೆ ಕೊಟ್ಟೆ, ಅವರು ಅತ್ತೆಯ ಪರ. ಹೆಂಡತಿಗೆ ಕೊಡುವಂತಿಲ್ಲ, ತೀರ್ಪು ಹೇಳಿದವಳೇ ಅವಳು. ಇನ್ನು ಉಳಿದವರು ತಾವೊಬ್ಬರೇ.

ನನ್ನ ಹೆಂಡತಿ ತೇಜಸ್ವಿನಿ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು ಎಂಬುದು ತಮಗೆ ಗೊತ್ತೇ ಇದೆ. ಬೆಳಿಗ್ಗೆ ನಾನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಅವಳು ಗುಬ್ಬಿಯ ರೈಲಿನಲ್ಲಿರುತ್ತಾಳೆ. ಸಂಜೆ ಅವಳು ಮನೆಗೆ ಬಂದು ಉತ್ತರಪತ್ರಿಕೆ ಹರವಿಕೊಂಡ ಹೊತ್ತಿಗೆ ನಾನು ಯಾರದೋ ಲಾರಿಯ ಮೇಲೆ ಹತ್ತಿ ಟಾರ್ಪಾಲಿಗೆ ಅಳತೆ ತೆಗೆಯುತ್ತಿರುತ್ತೇನೆ. ಒಂದೇ ಸೂರಿನ ಕೆಳಗಿದ್ದುಕೊಂಡು ನಾವು ಮಾತಾಡುವುದು ವಾಟ್ಸಾಪಿನಲ್ಲಿ, ಅದೂ ಹಾಲು, ಸಿಲಿಂಡರು, ಇಸ್ತ್ರಿ ಬಟ್ಟೆಯ ವಿಷಯ. ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಗಂಡ ಹೆಂಡತಿ, ಇಬ್ಬರದೂ ತಲೆ ನೆರೆತಿದೆ, ಇಡೀ ಬೇಸಿಗೆ ಬಿಳಿಯ ಹಾಯಿದೋಣಿಯಲ್ಲಿ ಸರೋವರದ ದಡ ಹಿಡಿದು ಊರಿಂದೂರಿಗೆ ಹೋಗುತ್ತಾರೆ, ಎದುರುಬದುರು ಕೂತು ಏನೋ ತಿನ್ನುತ್ತಾರೆ, ಸುಮ್ಮಸುಮ್ಮನೆ ನಗುತ್ತಾರೆ. ನನಗೆ ಹೊಟ್ಟೆ ಉರಿಯಿತು. ನಮಗೇನು ಕಡಿಮೆ? ಅತ್ತೆಮನೆಯ ಮುಂದೆ ಕೆರೆ ಇದೆ, ಬೇಸಿಗೆ ರಜೆ ಇದೆ, ಹಾಯಿಗೆ ಬೇಕಾದ ಬಟ್ಟೆಯಂತೂ ಅಂಗಡಿ ತುಂಬ ಇದೆ.

ಗುಜರಿಯಲ್ಲಿ ಬಿಸಿಲಿಗೆ ಒಣಗುತ್ತ ಬಿದ್ದಿದ್ದ ಹಳೆಯ ಫೈಬರ್ ದೋಣಿಯೊಂದನ್ನು ಲಗೇಜು ಆಟೋದಲ್ಲಿ ಹೇರಿಕೊಂಡು ಊರಿಗೆ ತಂದೆ. ನಡುವೆ ಬಿದಿರು ಗಳ ನಿಲ್ಲಿಸಿ, ನೀಲಿ ಟಾರ್ಪಾಲಿನ ಹಾಯಿಯನ್ನು ನಾನೇ ಕೂತು ಹೊಲಿದೆ. ಅದರ ಮೇಲೆ ಅಂಗಡಿಯ ಹೆಸರು, ಮೊಬೈಲ್ ನಂಬರು, ‘ಅಳತೆಗೆ ತಕ್ಕಂತೆ ಹೊಲಿದುಕೊಡಲಾಗುವುದು’ ಎಂಬ ಬರಹ ಇದ್ದುದು ನಿಜ. ಹೊಸ ಟಾರ್ಪಾಲು ಕತ್ತರಿಸಲು ಮನಸ್ಸು ಬರಲಿಲ್ಲ, ಅಂಗಡಿಯ ಮುಂದೆ ಕಟ್ಟಿದ್ದ ಟಾರ್ಪಾಲಿನ ಬೋರ್ಡನ್ನೇ ಬಿಚ್ಚಿಕೊಂಡು ಬಂದಿದ್ದೆ. ತೇಜಸ್ವಿನಿ ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಲೆಕ್ಕ ತಪ್ಪಿದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿ, ಷರತ್ತು ಹಾಕಿದಳು: “ಒಂದೇ ಒಂದ್ಸಲ ಬರ್ತೀನಿ ಕಣ್ರೀ. ತೂಬಿನ ಹತ್ರ ಹೊರಟು ದಡ ಹಿಡ್ಕೊಂಡು ಆಚೆ ಕಡೆ ನಮ್ಮಪ್ಪನ ತೋಟ ಮುಟ್ಟಿಸ್ಬೇಕು. ಯಾರ ಸಹಾಯಾನೂ ತಗೋಬಾರ್ದು. ಮುಟ್ಟಿಸಿದ್ರೆ ಪ್ರತಿ ಬೇಸ್ಗೆನೂ ನಿಮ್ ಜೊತೆ ದೋಣೀಲಿ ಕೂರ್ತೀನಿ. ಇಲ್ಲಾಂದ್ರೆ ಇದು ರಾಣಿಗೆ ನೀರಿನ ತೊಟ್ಟಿ.”

ತಮ್ಮ ಶುಭನಾಮ ಈ ಪ್ರಕರಣದಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಹೀಗೆ. ದೋಣಿ ಸೋತರೆ ಲಾಭ ಯಾರಿಗೆ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಹೊಸ ಗಾಡಿಗೆ ಪೂಜೆಯಾಗದೆ ಹೊರಡುವುದು ನಮ್ಮ ಕಡೆ ಉಂಟೇ? ಅತ್ತೆಯವರು ಅರಿಶಿನ ಕುಂಕುಮ, ದಾಸವಾಳ, ನಿಂಬೆಹಣ್ಣು ತಂದರು. ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿ ಇಡುವುದೆಂದು ಸ್ವಲ್ಪ ಹೊತ್ತು ಚರ್ಚೆಯಾಗಿ, ಕೊನೆಗೆ ತಳದ ಕೆಳಗೆ ಎಲ್ಲೆಲ್ಲಿ ಕೈ ತೂರುತ್ತದೋ ಅಲ್ಲೆಲ್ಲ ಇಟ್ಟೆವು. ಆಮೇಲೆ ಅತ್ತೆ ನನ್ನ ಕೈಗೆ ಸ್ವಂತ ತೋಟದ ತೆಂಗಿನಕಾಯಿ ಕೊಟ್ಟು, “ಒಡೀರಿ ಅಳಿಯಂದ್ರೇ” ಎಂದರು. ಕಲ್ಲಿಗೆ ಒಡೆಯಬೇಕಿತ್ತು. ಆದರೆ ಆ ವಿಡಿಯೋದಲ್ಲಿ ದೋಣಿಯನ್ನು ಮೊದಲ ಸಲ ನೀರಿಗಿಳಿಸುವಾಗ ಯಾರೋ ದೊಡ್ಡ ಮನುಷ್ಯರು ಅದರ ಮೂತಿಗೇ ಬಾಟಲಿ ಒಡೆದದ್ದು ನನ್ನ ತಲೆಯಲ್ಲಿ ಕೂತಿತ್ತು. ನಾನೂ ಭಕ್ತಿಯಿಂದ, ಕೈ ಪೂರ್ತಿ ಎತ್ತಿ, ದೋಣಿಯ ಮೂತಿಗೇ ಕುಟ್ಟಿದೆ. ನಮ್ಮ ಸೀಮೆಯ ತೆಂಗಿನಕಾಯಿಯ ಗಟ್ಟಿತನದ ಬಗ್ಗೆ ನಾವೆಲ್ಲ ಹೆಮ್ಮೆ ಪಡಬೇಕು. ಕಾಯಿಗೆ ಒಂದು ಗೆರೆಯೂ ಬೀಳಲಿಲ್ಲ, ದೋಣಿ ಮಾತ್ರ ಚಟ್ಟೆಂದು ಬಿರಿಯಿತು.

ಎಲ್ಲರೂ ನೋಡಿದರು. ಶುಭ ಕೆಲಸದ ನಡುವೆ ಅಪಶಕುನದ ಮಾತಾಡುವವರು ಯಾರು? “ದೃಷ್ಟಿ ಹೋಯ್ತು ಬುಡಿ, ಒಳ್ಳೇದೇ ಆಯ್ತು” ಎಂದು ಅತ್ತೆ ಬಿರುಕಿನ ಮೇಲೆ ಅರಿಶಿನ ಮೆತ್ತಿ ದಾಸವಾಳ ಇಟ್ಟರು. ನಾನೂ ಅಂಗಡಿಯ ಗಮ್ಮು ಸವರಿ ಒಂದು ತುಂಡು ಟಾರ್ಪಾಲು ಅಂಟಿಸಿದೆ. ತೇಜಸ್ವಿನಿ ಕೊಡೆ, ಚಿತ್ರಾನ್ನದ ಡಬ್ಬಿ ಹಿಡಿದು ಹತ್ತಿ ಕೂತಳು.

ಮೊದಲಿಗೆ ಗಾಳಿ ಬಂತು, ರಾಣಿಯವರೇ, ನಿಜವಾಗಿಯೂ ಬಂತು. ಹಾಯಿ ಉಬ್ಬಿತು, ನನ್ನ ಮೊಬೈಲ್ ನಂಬರು ಕೆರೆಯ ತುಂಬ ಮೆರೆಯಿತು, ದೋಣಿ ದಡದ ಗುಂಟ ತನ್ನಷ್ಟಕ್ಕೆ ತಾನೇ ಸಾಗಿತು. ದೂರದಲ್ಲಿ ಹುತ್ರಿದುರ್ಗದ ಬೆಟ್ಟ ನಮ್ಮ ಜೊತೆಯೇ ಬರುವಂತೆ ಕಾಣುತ್ತಿತ್ತು. ತೇಜಸ್ವಿನಿ ಚಪ್ಪಲಿ ಬಿಟ್ಟು ಕಾಲು ಚಾಚಿ, ತಾನು ಎಂಟನೇ ಕ್ಲಾಸಿನಲ್ಲಿ ಇದೇ ಕೆರೆಯಲ್ಲಿ ಈಜು ಕಲಿತು ಅಪ್ಪನ ಕೈಲಿ ಏಟು ತಿಂದ ಕಥೆ ಹೇಳಿದಳು. ಇಷ್ಟು ವರ್ಷ ಸಂಸಾರ ಮಾಡಿ ಆ ಕಥೆಯನ್ನು ನಾನು ಕೇಳಿರಲೇ ಇಲ್ಲ. ಅವಳು ನಕ್ಕಳು, ನಾನೂ ನಕ್ಕೆ, ಚಿತ್ರಾನ್ನ ಒಂದೇ ಡಬ್ಬಿಯಲ್ಲಿ ತಿಂದೆವು. ಆಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಈ ದೋಣಿ ತೊಟ್ಟಿಯಾಗಕೂಡದು ಎಂದು ಮನೆದೇವರಿಗೆ ಹರಕೆ ಹೊತ್ತುಬಿಟ್ಟೆ.

ಹರಕೆ ಮುಗಿಯುವುದಕ್ಕೂ ಗಾಳಿ ನಿಲ್ಲುವುದಕ್ಕೂ ಸರಿಹೋಯಿತು. ಹಾಯಿ ಒಗೆದು ಹಾಕಿದ ಬಟ್ಟೆಯಂತೆ ಜೋತುಬಿತ್ತು. ಗಮ್ಮು ಬಿಟ್ಟುಕೊಂಡು ಮೂತಿಯ ಬಿರುಕಿನಿಂದ ನೀರು ಒಳಗೆ ಬರತೊಡಗಿತು, ದಾಸವಾಳ ನಮ್ಮ ಕಾಲ ಬಳಿ ತೇಲಿಬಂತು. ತೇಜಸ್ವಿನಿ ಡಬ್ಬಿಯಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದಳು. ಗಾಳಿ ಮತ್ತೆ ಬರುವತನಕ ದೋಣಿ ನಡುನೀರಿಗೆ ಹೋಗದಿರಲೆಂದು ನಾನು ಹತ್ತಿರದಲ್ಲಿದ್ದ ಜಾಲಿಮರದ ಮೋಟಿಗೆ ಹಗ್ಗದ ಕುಣಿಕೆ ಹಾಕಿ ಬಿಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮೋಟುಗಳು ತಲೆ ಎತ್ತುವುದು ಸಹಜ. ಕಪ್ಪಗೆ, ಎರಡು ಕವಲಾಗಿ, ಹಿಂದಕ್ಕೆ ಬಾಗಿದ ಒಳ್ಳೆಯ ಗಟ್ಟಿಮುಟ್ಟಾದ ಮೋಟು ಅದು.

ಆ ಮೋಟು ತಾವೇ ಎಂದು ನನಗೆ ಹೇಗೆ ತಿಳಿಯಬೇಕು? ಒಂದು ಕಿವಿಯನ್ನಾದರೂ ಅಲ್ಲಾಡಿಸಬಹುದಿತ್ತು. ಒಂದು ಸಲ ಉಸಿರು ಬಿಡಬಹುದಿತ್ತು. ಕೊಂಬು, ಮೂಗಿನ ತುದಿ ಬಿಟ್ಟು ಮಿಕ್ಕದ್ದನ್ನೆಲ್ಲ ನೀರಿನಲ್ಲಿ ಮುಳುಗಿಸಿ, ಕಣ್ಣು ಮುಚ್ಚಿ, ತಾವು ತೋರಿದ ಆ ಮಹಾ ನಿರ್ಲಿಪ್ತತೆಯನ್ನು ನಾನು ಮಠಗಳಲ್ಲೂ ಕಂಡಿಲ್ಲ ಎಂದು ಈ ಮೂಲಕ ಪ್ರಶಂಸಿಸುತ್ತೇನೆ.

ಹಾಲು ಕರೆಯುವ ಹೊತ್ತಾಯಿತು. ಅತ್ತೆ ತೋಟದ ಅಂಚಿಗೆ ಬಂದು ನಿಂತು, “ಬಾರೇ ರಾಣೀ, ಹಿಂಡಿ ಕಲಸಿವ್ನಿ ಬಾರೇ” ಎಂದು ಕೂಗಿದರು. ಮೋಟು ಎದ್ದಿತು. ಮೋಟಿಗೆ ಮುಖ ಬಂತು, ಬೆನ್ನು ಬಂತು, ಬಾಲವೂ ಬಂತು. ತಾವು ಹಿಂತಿರುಗಿಯೂ ನೋಡದೆ ಹೊರಟಿರಿ, ನಾವೂ ತಮ್ಮ ಹಿಂದೆ ಹೊರಟೆವು. ಗಾಳಿಯಲ್ಲೂ ಕಾಣದ ವೇಗದಲ್ಲಿ ದೋಣಿ ನೀರು ಸೀಳಿ, ಕೆಸರು ದಾಟಿ, ಸೀದಾ ಮಾವನ ತೋಟದ ಮೊದಲ ತೆಂಗಿನ ಬುಡಕ್ಕೆ ಹೋಗಿ ನಿಂತಿತು. ಪಕ್ಕದ ಹೊಲದ ಯಲ್ಲಯ್ಯ ಇದನ್ನೆಲ್ಲ ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಹಂಚಿದ. ಹಾಯಿಯ ಮೇಲಿನ ನಂಬರು ಚೆನ್ನಾಗಿಯೇ ಬಿದ್ದಿತ್ತು. ಅಂದಿನಿಂದ ನನಗೆ ಬರುತ್ತಿರುವ ಫೋನುಗಳಲ್ಲಿ ಟಾರ್ಪಾಲು ಕೇಳುವವರು ಕಡಿಮೆ, “ಎಮ್ಮೆ ಸಮೇತ ಬಾಡಿಗೆಗೆ ಸಿಗುತ್ತಾ ಸಾರ್?” ಎನ್ನುವವರೇ ಹೆಚ್ಚು.

ತೀರ್ಪು ದಡದಲ್ಲೇ ಆಯಿತು. ತೋಟ ಮುಟ್ಟಿದ್ದೇವಲ್ಲ ಎಂದು ನಾನು ವಾದಿಸಿದೆ. “ಯಾರ ಸಹಾಯಾನೂ ತಗೋಬಾರ್ದು ಅಂದಿದ್ದೆ” ಎಂದಳು ತೇಜಸ್ವಿನಿ. ಎಮ್ಮೆಯನ್ನು ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ ಎಂದು ನಾನು ಬಾಯಿ ತೆರೆದದ್ದೇ ತಪ್ಪಾಯಿತು. ಅತ್ತೆಯ ಮುಖ ಕೆಂಪಗಾಯಿತು. “ಏನಂದ್ರಿ? ನಮ್ ರಾಣಿ ಲೆಕ್ಕಕ್ಕೇ ಇಲ್ವಾ? ಹತ್ತು ವರ್ಸದಿಂದ ಇಲ್ಲಿಗೆ ಬಂದಾಗೆಲ್ಲ ನೀವು ಕುಡಿಯೋ ಕಾಫಿಗೆ ಹಾಲು ಯಾರ್ದು?” ಅಲ್ಲಿಗೆ ನನ್ನ ಕೇಸು ಬಿದ್ದುಹೋಯಿತು. ದೋಣಿಯನ್ನು ತಮ್ಮ ಕೊಟ್ಟಿಗೆಗೆ ಎಳೆದರು, ಅದಕ್ಕೂ ತಮ್ಮನ್ನೇ ಕಟ್ಟಿದರು. ಗಳ ಕಿತ್ತು ಮೂಲೆಗೆ ಒರಗಿಸುವಾಗ ನನಗೆ ಅಳುವೇ ಬಂತು. ತೇಜಸ್ವಿನಿ ಅದನ್ನು ನೋಡಿದಳು.

ಮುಂದಿನದನ್ನು ತಾವು ಬಲ್ಲಿರಿ. ಅತ್ತೆ ಕೊಡಗಟ್ಟಲೆ ನೀರು ಹೊತ್ತು ದೋಣಿ ತುಂಬಿಸಿದರು, ಬೆಳಗಾಗುವಷ್ಟರಲ್ಲಿ ದೋಣಿ ಬರಿದು, ಕೊಟ್ಟಿಗೆಯೇ ಕೆರೆ. ಒಳಗೆ ನೀರು ಬಿಡುವ ಬಿರುಕು ಹೊರಗೂ ಬಿಡುತ್ತದಲ್ಲ! ತಾವು ಖಾಲಿ ದೋಣಿಗೆ ಮೂತಿ ಇಟ್ಟು ನನ್ನತ್ತ ನೋಡಿದ ನೋಟ ಮಾತ್ರ ನನ್ನ ಈ ಬೇಸಿಗೆಯ ದೊಡ್ಡ ಸಮಾಧಾನ. ತೊಟ್ಟಿ ರಿಪೇರಿ ಮಾಡಿಕೊಡುವುದು ಅಳಿಯನ ಹೊಣೆ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ತುಮಕೂರಿಂದ ಫೈಬರ್ ಹಾಕುವ ಸಾಮಾನು ತಂದು, ಬಿರುಕಿನ ಮೇಲೆ ಪದರ ಪದರವಾಗಿ ಅಂಟಿಸಿ ಉಜ್ಜಿದೆ. ಯಾರ ಸುಖಕ್ಕೆ ಈ ಕೆಲಸ ಎಂದು ನೆನೆದಾಗಲೆಲ್ಲ ಕೈ ಸೋತುಹೋಗುತ್ತಿತ್ತು.

ನಿನ್ನೆ ಭಾನುವಾರ ಅದು ಒಣಗಿತು. ಅತ್ತೆ ಕೊಡ ಹಿಡಿದು ಬಂದರು. ತೇಜಸ್ವಿನಿ ಅಡ್ಡ ನಿಂತಳು. “ಇರಮ್ಮ, ಸುಮ್ನೆ ನೀರು ಯಾಕೆ ಹೊರ್ತೀಯಾ? ತೊಟ್ಟಿ ಸೋರುತ್ತೋ ಇಲ್ವೋ ಮೊದ್ಲು ಕೆರೇಲಿ ಇಟ್ಟು ನೋಡ್ಬೇಕು. ಭಾರ ಬಿದ್ರೇನೇ ಸರಿಯಾಗಿ ಗೊತ್ತಾಗೋದು. ರೀ, ಗಳ ತಗೊಳ್ಳಿ.” ನಾನು ಕಣ್ಣು ಬಾಯಿ ಬಿಟ್ಟುಕೊಂಡು ಹಿಂತಿರುಗಿದರೆ ಅವಳ ಕೈಯಲ್ಲಿ ಕೊಡೆ ಇತ್ತು, ಚಿತ್ರಾನ್ನದ ಡಬ್ಬಿಯೂ ಇತ್ತು.

ಆದ್ದರಿಂದ ನನ್ನ ದೂರನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ತೊಟ್ಟಿ ಗಣಿತದ ಟೀಚರಿಗೆ ತೃಪ್ತಿಯಾಗುವಷ್ಟು ಪರೀಕ್ಷೆಗೆ ಒಳಪಡಬೇಕಾಗಿದ್ದು, ಸ್ಕೂಲು ತೆರೆಯುವವರೆಗೂ ಪರೀಕ್ಷೆ ನಡೆಯಲಿದೆ, ಮುಂದಿನ ಬೇಸಿಗೆಯಲ್ಲೂ ಮುಂದುವರಿಯುವ ಲಕ್ಷಣಗಳಿವೆ. ಅಲ್ಲಿಯವರೆಗೆ ತಾವು ಹಳೆಯ ಕಲ್ಲುಬಾನಿಯಲ್ಲೇ ನೀರು ಕುಡಿದು ಸಹಕರಿಸಬೇಕಾಗಿ ಕೈಮುಗಿದು ಬೇಡುವ,

ತಮ್ಮ ಹಗ್ಗದ ಇನ್ನೊಂದು ತುದಿಯಲ್ಲಿರುವ ವಿಶ್ವಾಸಿ,
ಹನುಮಂತರಾಜು
ಶಿರಾ ಗೇಟ್, ತುಮಕೂರು

ಮರೆತ ಮಾತು: ಇನ್ನು ಮುಂದೆ ಕೆರೆಯಲ್ಲಿ ಮೋಟಿನಂತೆ ನಿಲ್ಲುವಾಗ ಸ್ವಲ್ಪ ಯೋಚಿಸಿ ನಿಲ್ಲಿ. ನಿನ್ನೆ ಗಾಳಿ ಮತ್ತೆ ಕೈಕೊಟ್ಟಿತು. ನಾನು ಗಾಬರಿಯಾಗಿ ಆಕಾಶ ನೋಡುತ್ತಿದ್ದರೆ, ತೇಜಸ್ವಿನಿ ಸೀಟಿನ ಕೆಳಗಿಂದ ಹಗ್ಗ ತೆಗೆದು ತಾವು ಎಲ್ಲಿದ್ದೀರಿ ಎಂದು ಹುಡುಕುತ್ತಿದ್ದಳು. ಕುಣಿಕೆಯನ್ನು ತಮ್ಮ ಕೊಂಬಿನ ಅಳತೆಗೆ ತಕ್ಕಂತೆ ಹಿಂದಿನ ಸಂಜೆಯೇ ಕಟ್ಟಿಟ್ಟಿದ್ದಳು.