ವಿದೇಶಾಂಗ ಸಚಿವರು ಪಿಟೀಲು ಕೇಳಲು ಹೋದದ್ದು

ಅನರ್ಥಕ್ಕೆಲ್ಲ ಕಾರಣ, ಅವರಿಗೆ ಒಂದು ದಿನದ ರಜೆ ಸಿಕ್ಕಿದ್ದು.

ಪತ್ರಿಕೆಯೊಂದರಲ್ಲಿ ವಿದೇಶ ಸುದ್ದಿಯ ಪುಟ ಕಟ್ಟುವ ಉಪಸಂಪಾದಕರು ಅವರು. ಹನ್ನೊಂದು ವರ್ಷಗಳಿಂದ ಕುರ್ಚಿ ಬಿಟ್ಟೇಳದೆ ದಿನಕ್ಕೆ ಹತ್ತು ಗಡಿ ದಾಟುತ್ತಿದ್ದರು. ಸಹೋದ್ಯೋಗಿಗಳು ‘ವಿದೇಶಾಂಗ ಸಚಿವರು’ ಎಂದೇ ಕರೆಯುತ್ತಿದ್ದರು. ಸಚಿವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ಇದ್ದದ್ದು ಒಂದೇ ಹುಚ್ಚು, ಒಬ್ಬ ವೃದ್ಧ ವಾದಕರ ಪಿಟೀಲು. ಅವರ ಧ್ವನಿಮುದ್ರಣಗಳನ್ನು ಕೇಳಿ ಕೇಳಿ ಸಭಿಕರು ಎಲ್ಲೆಲ್ಲಿ ಕೆಮ್ಮುತ್ತಾರೆಂಬುದೂ ಬಾಯಿಪಾಠವಾಗಿತ್ತು. ಎದುರು ಕೂತು ಕೇಳಿದ್ದು ಮಾತ್ರ ಒಮ್ಮೆಯೂ ಇಲ್ಲ. ಆ ವೃದ್ಧರ ಕಟ್ಟಕಡೆಯ ಕಛೇರಿ ಈಗ ಆರು ಗಂಟೆ ರೈಲುದೂರದ ಊರಿನಲ್ಲಿ, ಮಧ್ಯಾಹ್ನ ಮೂರಕ್ಕೆ.

“ಯುದ್ಧದ ಹೊತ್ತಲ್ಲಿ ರಜೆನಾ?” ಎಂದಿದ್ದರು ಸುದ್ದಿ ಸಂಪಾದಕರು. ಎರಡು ನೆರೆ ದೇಶಗಳು ಒಂದು ಬೋಳುಗುಡ್ಡಕ್ಕಾಗಿ ಹದಿನೆಂಟು ದಿನಗಳಿಂದ ಕಾದಾಡುತ್ತಿದ್ದವು.

“ಅದು ಇನ್ನೊಂದು ತಿಂಗಳು ನಿಲ್ಲಲ್ಲ ಸಾರ್. ಗ್ಯಾರಂಟಿ.”

“ಹಾಗಾದ್ರೆ ಹೋಗು. ಫೋನ್ ಮಾತ್ರ ಆಫ್ ಮಾಡ್ಬೇಡ.”

ರೈಲಿನಲ್ಲಿ ಕಣ್ಣುಮುಚ್ಚಿ ಪಿಟೀಲನ್ನೇ ನೆನೆಯುತ್ತ ಹೋಗುವ ಆಸೆಯಿತ್ತು. ಎದುರು ಸೀಟಿನ ನಿವೃತ್ತ ಭೂಗೋಳದ ಮೇಷ್ಟ್ರು “ಏನ್ ಕೆಲ್ಸ ನಿಮ್ದು?” ಎಂದರು. ಸಚಿವರು ನಿಜ ಹೇಳಿಬಿಟ್ಟರು. ನಿಜ ಹೇಳುವುದು ಅವರ ವೃತ್ತಿದೋಷ.

“ಹಾಗಾದ್ರೆ ಹೇಳಿ, ಆ ಗುಡ್ಡ ಯಾರಿಗೆ ಸೇರ್ಬೇಕು?”

ಅವರು ಬಾಯಿ ತೆರೆಯುವುದರೊಳಗೆ ಬೋಗಿ ಎರಡು ಪಕ್ಷವಾಯಿತು. ಗುಡ್ಡ ಎರಡು ಸಾವಿರ ಮೀಟರ್ ಎತ್ತರ ಎಂದು ಯಾರೋ ಕೂಗಿದರು. ಸಚಿವರಿಂದ ತಡೆಯಲಾಗಲಿಲ್ಲ. “ನಾನೂರ ಹನ್ನೆರಡು,” ಎಂದು ತಿದ್ದಿದರು. ತಕ್ಷಣ ಎರಡೂ ಪಕ್ಷಗಳು ಒಂದಾಗಿ ಅವರ ಮೇಲೆ ಬಿದ್ದವು. ಶಾಂತಿ ಸ್ಥಾಪನೆಗೆ ಇದೂ ಒಂದು ದಾರಿ ಎಂದು ಅವರಿಗೆ ಹೊಳೆಯುವಷ್ಟರಲ್ಲಿ ಇಳಿಯಬೇಕಾದ ನಿಲ್ದಾಣ ಹಿಂದಾಗಿತ್ತು.

ಮುಂದಿನ ನಿಲ್ದಾಣದಲ್ಲಿ ಇಳಿದು, ಸಿಕ್ಕಿದ ಬಸ್ಸು ಹತ್ತಿ, ಉಳಿದ ದಾರಿ ಓಡಿ, ಸಭಾಂಗಣ ಹೊಕ್ಕಾಗ ಮೂರಕ್ಕೆ ಒಂದು ನಿಮಿಷವಿತ್ತು. ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ.

“ಅಳಿಯಂಗೆ ಯಾರೋ ಪಾಸ್ ಕೊಟ್ರಪ್ಪಾ. ಮನೇಲಿ ಒಬ್ಳೇ ಇರೋ ಬದ್ಲು ಅಲ್ಲಿ ಕೂತಿರಿ ಅಂತ ಕಳಿಸ್ದ.”

ವೃದ್ಧ ವಾದಕರು ಬಂದರು. ಪಿಟೀಲನ್ನು ಪಕ್ಕದ ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತರು. “ಆ ಗುಡ್ಡದ ಮೇಲೆ ಫಿರಂಗಿಗಳು ಸುಮ್ಮನಾಗುವವರೆಗೆ ನಾನು ತಂತಿ ಮುಟ್ಟುವುದಿಲ್ಲ. ನಿಮಗೆ ಕೊಟ್ಟ ಎರಡು ಗಂಟೆ ಇಲ್ಲೇ ಮೌನವಾಗಿ ಕೂತಿರುತ್ತೇನೆ,” ಎಂದು ಹೇಳಿ ಕೂತೇಬಿಟ್ಟರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಚಿವರೂ ತಟ್ಟಿದರು, ತಮ್ಮ ಹಣೆ ಹಣೆ ಚಚ್ಚಿಕೊಂಡಂತೆ.

“ಶುರುವಾಯ್ತಾ?” ಎಂದರು ಅಜ್ಜಿ.

“ಇಲ್ಲಮ್ಮಾ. ಯುದ್ಧ ನಿಂತ್ಮೇಲಂತೆ.”

“ಯಾವಾಗ ನಿಲ್ಲತ್ತೆ?”

“ಇನ್ನೊಂದು ತಿಂಗಳಾಗತ್ತೆ.”

“ಅಷ್ಟ್ ಹೊತ್ತು ಕೂರಕ್ಕಾಗಲ್ಲಪ್ಪ. ನಂಗೆ ಮಂಡಿನೋವು.”

ಹದಿನೆಂಟು ದಿನ ಸಾವಿನ ಅಂಕಿಗಳನ್ನು ತಿದ್ದುವಾಗ ಬಾರದ ಕೋಪ ಈಗ ಎರಡೂ ದೇಶಗಳ ಮೇಲೆ ಉಕ್ಕಿ ಬಂತು. ಅದಕ್ಕೆ ಸಚಿವರಿಗೆ ನಾಚಿಕೆಯೂ ಆಯಿತು. ಆದರೆ ಕೋಪದಷ್ಟಲ್ಲ.

ಅರ್ಧ ಗಂಟೆಯ ಮೌನದ ನಂತರ ಜೇಬಿನಲ್ಲಿ ಫೋನು ನಡುಗಿತು. “ಎತ್ಕೊಳ್ಳಪ್ಪಾ, ಮನೇಲಿ ಏನಾಯ್ತೋ ಏನೋ,” ಎಂದು ಅಜ್ಜಿ ಮೊಣಕೈಯಿಂದ ತಿವಿದು ಅವರನ್ನು ಎಬ್ಬಿಸಿಯೇ ಬಿಟ್ಟರು.

“ರೀ ಸಚಿವರೇ, ಕದನವಿರಾಮ ಅಂತ ಬಂದಿದೆ!” ಹೊರಗೆ ಬಂದು ಕಿವಿಗಿಟ್ಟರೆ ಸುದ್ದಿ ಸಂಪಾದಕರ ಕೂಗು.

ಒಳಗೆ ನುಗ್ಗಿ ಸಾರಬಹುದಿತ್ತು. ಆದರೆ ಒಂದೇ ಮೂಲದ ಸುದ್ದಿಯನ್ನು ಸಚಿವರು ಜನ್ಮದಲ್ಲಿ ಅಚ್ಚು ಹಾಕಿದವರಲ್ಲ. “ಇನ್ನೊಂದು ಏಜೆನ್ಸಿ ಹೇಳ್ಲಿ ಸಾರ್,” ಎಂದು ಒಂಬತ್ತು ನಿಮಿಷ ಕಾದರು. ಇನ್ನೊಂದೂ ಹೇಳಿತು. ಚೀಟಿಯಲ್ಲಿ ‘ಕದನವಿರಾಮ. ಖಚಿತ.’ ಎಂದು ಬರೆದರು. ಅಷ್ಟರಲ್ಲಿ ಫೋನಿನಲ್ಲಿ, “ಹೆಡ್ಡಿಂಗ್ ಹೇಳಿ ಹೋಗಯ್ಯಾ, ಮೂರೇ ಪದ!”

ಚೀಟಿಯನ್ನು ಬಾಗಿಲು ಕಾಯುವವನ ಕೈಲಿಟ್ಟು, “ವೇದಿಕೆಗೆ ಮುಟ್ಟಿಸು, ಓಡು,” ಎಂದರು. ‘ಗುಡ್ಡದಲ್ಲಿ ಗುಂಡು ನಿಂತಿತು’ ಸರಿಯೇ? ನಿಂತಿದ್ದನ್ನು ನೋಡಿದವರಾರು? ‘ಗುಂಡು ನಿಲ್ಲಿಸಲು ಒಪ್ಪಿಗೆ’ ಎನ್ನಬೇಕು. ಇದನ್ನು ಇತ್ಯರ್ಥ ಮಾಡಲು ನಾಲ್ಕು ನಿಮಿಷ ಹಿಡಿಯಿತು. ತಿರುಗಿದರೆ ಬಾಗಿಲು ಮುಚ್ಚಿತ್ತು. ಕಾಯುವವನು ಅಡ್ಡ ನಿಂತಿದ್ದ.

“ನುಡಿಸಕ್ಕೆ ಶುರು ಮಾಡಿದ್ಮೇಲೆ ಯಾರನ್ನೂ ಬಿಡೋ ಹಾಗಿಲ್ಲ ಸಾರ್.”

“ಚೀಟಿ ಕೊಟ್ಟೋನು ನಾನೇ ಕಣಯ್ಯಾ!”

“ಗೊತ್ತು ಸಾರ್. ಪುಣ್ಯದ ಕೆಲ್ಸ ಮಾಡಿದ್ರಿ. ಒಳಗೆ ಎಲ್ರೂ ಅಳ್ತಿದಾರೆ.”

ಸಚಿವರು ಬಾಗಿಲಿಗೆ ಕಿವಿ ಹಚ್ಚಿದರು. ಹಲಗೆ ಗೇಣುದಪ್ಪ. ತಮ್ಮದೇ ರಕ್ತದೊತ್ತಡ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಗಂಟೆಯ ನಂತರ ಜನ ಕಣ್ಣೊರೆಸುತ್ತ ಹೊರಬಂದರು. ಫೋನು ಮತ್ತೆ ನಡುಗಿತು. “ಸುದ್ದಿ ಕೇಳಿ ಪಿಟೀಲು ಎತ್ಕೊಂಡ್ರಂತೆ! ಅಲ್ಲಿರೋ ನಮ್ಮೋನು ನೀನೊಬ್ನೇ. ಏನ್ ನುಡಿಸಿದ್ರು, ಹೇಗಿತ್ತು, ಕಿವಿಯಾರೆ ಕೇಳಿದ್ದನ್ನ ಬರಿ. ಮೊದಲ ಪುಟಕ್ಕೆ. ಆರು ಗಂಟೆಯೊಳಗೆ.”

ಸಚಿವರು ಗುಂಪಿನಲ್ಲಿ ತೂರಿ ಅಜ್ಜಿಯನ್ನು ಹಿಡಿದರು. “ಅಮ್ಮಾ, ಹೇಗಿತ್ತು? ಏನ್ ನುಡಿಸಿದ್ರು?”

ಅಜ್ಜಿ ಬಗ್ಗಿ ಮಂಡಿ ನೀವಿಕೊಂಡರು.

“ನಂಗೇನ್ ಗೊತ್ತಪ್ಪಾ. ಉದ್ದಕ್ಕಿತ್ತು.”

ಸಚಿವರು ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ ತೆರೆದು ಬರೆದರು: ‘ವಾದನ ದೀರ್ಘವಾಗಿತ್ತು.’